ಬಾಲವಿಲ್ಲದ್ದು

ಮೊದಲು ಹೋದದ್ದು ವೈಪರಿನ ರಬ್ಬರು.
ಆಮೇಲೆ ಹಾರನ್ನು. ಆಮೇಲೊಂದು ಸೋಮವಾರ
ಕೀಲಿ ತಿರುಗಿಸಿದರೆ ಕಾರು
ಕೆಮ್ಮಲೂ ಇಲ್ಲ.

ಕೌಲ್ ಬಜಾರಿನ ನಮ್ಮ ಓಣಿ ಎಷ್ಟು ಕಿರಿದೆಂದರೆ
ಎರಡು ಗಾಡಿ ನಿಂತರೆ ಮೂರನೆಯದಕ್ಕೆ ಜಗಳ.
ಮೂರನೆಯದು ಎರ್ರಿಸ್ವಾಮಿಯ ಟೆಂಪೊ.
ಒಂದು ಜೀನ್ಸ್ ಯೂನಿಟ್ಟಿನಿಂದ ಇನ್ನೊಂದಕ್ಕೆ
ಸೊಂಟವಿಲ್ಲದ ಕಾಲುಗಳ, ಕಾಲಿಲ್ಲದ ಜೇಬುಗಳ
ಹೊರೆ ಹೊತ್ತು ತಿರುಗುವುದು.

ಯುಗಾದಿಗೆ ಮುಂಚೆ ಅವನೊಂದು ಮಾತಂದಿದ್ದ:
‘ನಿಮ್ ಗಾಡಿ ಇಲ್ಲೇ ನಿಲ್ಲಿಸ್ತಿದ್ರೆ ಮೇಡಂ,
ಒಂದಿನ ಏನಾದ್ರೂ ಆದೀತು.’
ಏನಾದರೂ ಆದೀತು.
ಮಾಡುವವನ ಹೆಸರಿಲ್ಲದ ವಾಕ್ಯ.
ನಾನು ಹೈಸ್ಕೂಲಿನಲ್ಲಿ ವ್ಯಾಕರಣ ಕಲಿಸುವವಳು,
ಬಿಟ್ಟ ಸ್ಥಳ ತುಂಬಿಸುವುದು ನನ್ನ ಕಸುಬು.
ತುಂಬಿದೆ. ಮೂರು ಮನೆಯ ಕಟ್ಟೆಗೆ ಹೋಗಿ ಓದಿಯೂ ಬಂದೆ.
ಅಷ್ಟಕ್ಕೇ ನಿಲ್ಲಲಿಲ್ಲ, ಅದು ಆಮೇಲೆ.

ಸಾಕ್ಷಿ ಇರಲಿಲ್ಲವೆಂದಲ್ಲ.
ಅದಿರಿನ ಲಾರಿಗಳು ಊರಿಗೆಲ್ಲ ಹಂಚಿಹೋಗುವ ಕೆಂಪು ಧೂಳು
ಬಾನೆಟ್ಟಿನ ಮೇಲೂ ಒಂದು ಪದರ,
ಅದರ ಮೇಲೆ ದಿನ ಬೆಳಗಾದರೆ
ಪುಟ್ಟ ಪುಟ್ಟ ಬೆರಳುಗಳ ಗುರುತು,
ಹಸುಗೂಸಿನ ಅಂಗೈಯಷ್ಟೂ ಇಲ್ಲ.
ಒರೆಸಿಬಿಡುತ್ತಿದ್ದೆ.
ಶಾಲೆಗೆ ಹೊತ್ತಾಗುತ್ತಿತ್ತು.

ಹೊನ್ನೂರವಲಿ ಬಂದ,
ವಗ್ಗಾಣಿ ಮಿರ್ಚಿ ತಿಂದ ಕೈಯನ್ನು ಪ್ಯಾಂಟಿಗೆ ಒರೆಸುತ್ತ.
ಬಾನೆಟ್ ಎತ್ತಿದ. ಮೊದಲು ಮೂಸಿದ,
ಆಮೇಲೆ ನೋಡಿದ.
‘ಬಾಣಂತಿ ಕ್ವಾಣಿ ಆಗೈತಲ್ರೀ ಮೇಡಂ.’

ಬ್ಯಾಟರಿಯ ಮಗ್ಗುಲಲ್ಲಿ,
ನಡುರಾತ್ರಿಯವರೆಗೂ ಬಿಸುಪು ಆರದ ಸಂದಿಯಲ್ಲಿ
ಒಂದು ಗೂಡು:
ನೀಲಿ ಡೆನಿಮ್ಮಿನ ಚೂರು, ಹಳದಿ ಹೊಲಿಗೆ ದಾರ,
ಶೇಂಗಾ ಸಿಪ್ಪೆ, ಯಾವುದೋ ಜೇಬಿನ ಹಿತ್ತಾಳೆ ಗುಂಡಿ,
ಕಳೆದುಹೋಯಿತೆಂದು ನಾನು ಎರಡು ದಿನ
ಸ್ಟಾಫ್ ರೂಮೆಲ್ಲ ಹುಡುಕಿದ ಉತ್ತರಪತ್ರಿಕೆಯ ಮೂಲೆ.
‘ಕರ್ತರಿ ಪ್ರಯೋಗವೆಂದರೆ’
ಅಲ್ಲಿಗೆ ಹಲ್ಲು.
ನಡುವೆ, ಕಣ್ಣು ಬಿಡದ, ಚರ್ಮ ಮಾತ್ರವಾದ
ಆರು ಜೀವ.

‘ಹೆಗ್ಗಣ,’ ಅಂದ. ‘ವೈರ್ ತಿಂದ್ರೆ ಅದರ ಹೊಟ್ಟೆ ತುಂಬಲ್ರೀ.
ಹಲ್ಲು ಬೆಳೀತಾನೇ ಇರ್ತಾವೆ,
ಕಡೀತಾ ಇರಲಿಲ್ಲಂದ್ರೆ ಬಾಯಿ ಮುಚ್ಚಾಕೆ ಬರಂಗಿಲ್ಲ.’
ಮತ್ತೆ ಕನ್ನಡಿಯ ಮೇಲೆ ಮೆತ್ತಿದ್ದು?
‘ಸೂರಕ್ಕಿ. ಗಂಡು. ಒಳಗಿರೋನು
ಬ್ಯಾರೇ ಯಾವನೋ ಅಂತ ತಿಳ್ಕಂಡೈತೆ,
ದಿನಾ ಬಂದು ಬಡಿದಾಡ್ತೈತೆ.’
ವೈಪರು?
ಅವನು ಕೋಟೆಗುಡ್ಡದ ಕಡೆಗೆ ಗದ್ದ ಎತ್ತಿದ.
ಅಲ್ಲೊಂದು ಬಂಡೆಯ ಮೇಲೆ ಕೂತು, ನಮ್ಮತ್ತಲೇ ನೋಡುತ್ತ,
ಒಂದು ಮುಸುಡಿ ಏನನ್ನೋ ಜಗಿಯುತ್ತಿತ್ತು.

ಗೂಡನ್ನು ಇದ್ದ ಹಾಗೇ ಎತ್ತಿ
ಚರಂಡಿಯಾಚೆ ಬೇವಿನ ಬುಡಕ್ಕಿಟ್ಟ.
‘ರಾತ್ರಿ ತಾಯಿ ಬಂದು ಒಯ್ತೈತೆ.
ಇಲ್ಲಾಂದ್ರೆ ಬೆಕ್ಕು.’

ಎರ್ರಿಸ್ವಾಮಿ ಬೇವಿನಕಡ್ಡಿ ಕಚ್ಚಿಕೊಂಡು
ಅಷ್ಟು ಹೊತ್ತೂ ನೋಡುತ್ತ ನಿಂತಿದ್ದ.
ಕಟ್ಟೆಯ ಮಾತು ಅವನಿಗೆ ಮುಟ್ಟಿರಲೇಬೇಕು.
ನಗಲಿಲ್ಲ, ಹಂಗಿಸಲೂ ಇಲ್ಲ.
ಕಡ್ಡಿ ಉಗುಳಿ, ಕರೆದ:
‘ಲೇ ವಲಿ, ನಂದೂ ಒಂಚೂರು ನೋಡು.
ಹಬ್ಬದ ಮರುದಿನದಿಂದ ಹಿಂಗೈತೆ.
ಇದು ಯಾವ ಪ್ರಾಣಿ?’

ಟೆಂಪೊದ ಎಡಮಗ್ಗುಲಿಗೆ
ಬಾಗಿಲ ಹಿಡಿಯಿಂದ ಹಿಂದಿನ ದೀಪದವರೆಗೆ
ಸೊಂಟದೆತ್ತರದ ಒಂದೇ ಗೆರೆ,
ಕೊನೆಯಲ್ಲಿ ಒಂಚೂರು ಮೇಲೆ ಬಾಗಿ,
ಕೆಂಪು ಶಾಯಿಯಲ್ಲಿ ನಾನು
ತಪ್ಪು ಉತ್ತರಕ್ಕೆ ಎಳೆಯುತ್ತೇನಲ್ಲ, ಥೇಟು ಹಾಗೆ.

ಹೊನ್ನೂರವಲಿ ಉಗುರಿನಿಂದ ಸವರಿ ನೋಡಿದ.
ಇದನ್ನು ಮೂಸಲಿಲ್ಲ.
‘ಇದಕ್ಕೆ ಬಾಲ ಇಲ್ಲಲೇ,’ ಅಂದ.
ಮತ್ತೆ ಯಾರ ಕಡೆಗೂ ನೋಡದೆ
ತನ್ನ ಸ್ಪ್ಯಾನರುಗಳನ್ನು ಒಂದೊಂದಾಗಿ
ಚೀಲಕ್ಕೆ ಹಾಕತೊಡಗಿದ.

ಬೇವಿನ ಬುಡದಲ್ಲಿ ಆರೂ ಸಣ್ಣಗೆ ಚೀಂ ಅನ್ನುತ್ತಿದ್ದವು.
ನನ್ನ ಮುಷ್ಟಿಯೊಳಗೆ ಕಾರಿನ ಕೀಲಿ
ಬೆವರಿಗೆ ಬೆಚ್ಚಗಾಗಿ,
ಅದರ ಹಲ್ಲುಗಳು
ಬೆಳೆಯುತ್ತಿರುವ ಹಾಗೆ ಅನಿಸಿತು.